ಘಟ್ಟದ ಮೇಲೆ ಕಲ್ಲು, ಕೆಳಗೆ ಮೊಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳೆಯ ಮನೆಗಳಿಗೆ ಅಡಿಕೆ ತೋಟದಂತೆ ಒಂದು ಭೂತದ ಬನವೂ ಇರುತ್ತದೆ. ಕತ್ತಿ ತಾಗಿಸದ ಮರ, ಬುಡದಲ್ಲಿ ಪಾಚಿಗಟ್ಟಿದ ಕಲ್ಲು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಕಾದಂಬರಿಗಳಿಗೆ ತಂದದ್ದು ಇಂಥ ಬನಗಳನ್ನೇ. ಪಂಜುರ್ಲಿ, ಕಲ್ಲುಕುಟಿಗ, ಗುಳಿಗ ಎಂದು ಕಲ್ಲಿಗೆ ಹೆಸರೇನೋ ಉಂಟು. ಆ ಕಲ್ಲಿಗೆ ಕಣ್ಣು, ಮೂಗು, ಬಾಯಿ ಇಲ್ಲ.

ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಕಾರ್ಕಳದ ಸೀಮೆಗೆ ಇಳಿದರೆ ಅದೇ ಪಂಜುರ್ಲಿಗೆ ಹಂದಿಯ ಮೋರೆ ಬರುತ್ತದೆ. ಚಾಚಿದ ಮೂತಿ, ಕೋರೆಹಲ್ಲು, ನಿಮಿರಿದ ಕಿವಿ. ತುಳುವರು ಇದನ್ನು ‘ಮೊಗ’ ಎನ್ನುತ್ತಾರೆ. ಕಂಚಿನದೋ ಹಿತ್ತಾಳೆಯದೋ ಆದ ಈ ಮೊಗ ವರ್ಷದ ಹೆಚ್ಚಿನ ದಿನ ಭಂಡಾರದ ಮನೆಯಲ್ಲಿ ಖಡ್ಸಲೆ, ಗಂಟೆ, ಚವರಿಗಳ ಜೊತೆ ಕತ್ತಲಲ್ಲಿರುತ್ತದೆ. ಈ ಭಂಡಾರ ಹೊರಡುವುದು ಕೋಲದ ದಿನ, ಭೂತಕ್ಕೆ ವೇಷ ಕಟ್ಟಿ ಕುಣಿಯುವ ದಿನ.

ನಲಿಕೆ, ಪಂಬದ, ಪರವ ಸಮುದಾಯದ ಭೂತ ಕಟ್ಟುವವರು ಮೊದಲು ಎಣ್ಣೆ ಪಡೆದು ಮೀಯುತ್ತಾರೆ. ಮುಖಕ್ಕೆ ಅರದಳದ ಹಳದಿ ಬಳಿಯುತ್ತಾರೆ. ಪಾಡ್ದನವೆಂಬ ಹಾಡುಗತೆಯಲ್ಲಿ ಭೂತದ ಹುಟ್ಟು, ಅದು ನಡೆದು ಬಂದ ದಾರಿ ಬಿಚ್ಚಿಕೊಳ್ಳುತ್ತದೆ. ಸೊಂಟಕ್ಕೆ ಎಳೆ ತೆಂಗಿನ ಗರಿಯ ಸಿರಿ, ಕಾಲಿಗೆ ಗಗ್ಗರ, ಬೆನ್ನಿಗೆ ಪ್ರಭಾವಳಿಯಂಥ ಅಣಿ. ಇಷ್ಟೆಲ್ಲ ಆದ ಮೇಲೆ ಮೊಗ, ಅದೂ ಸ್ವಲ್ಪ ಹೊತ್ತು. ಗುತ್ತಿನ, ಅಂದರೆ ಊರಿನ ದೊಡ್ಡಮನೆಯ, ಯಜಮಾನ ಕೈಮುಗಿದು ನಿಲ್ಲುತ್ತಾನೆ. ಒಂದು ಕಾಲಕ್ಕೆ ಅವನ ಚಾವಡಿ ಹತ್ತುವಂತಿಲ್ಲದವನ ಬಾಯಿಂದಲೇ ಜಾಗದ ತಕರಾರಿಗೆ, ಮುರಿದ ಮಾತಿಗೆ ತೀರ್ಪು ಬರುತ್ತದೆ. ಬೆಳಗಾದರೆ ಬಣ್ಣ ತೊಳೆದು ಹೋಗುತ್ತದೆ, ಮೊಗ ಭಂಡಾರ ಸೇರುತ್ತದೆ, ಚಾವಡಿ ಮತ್ತೆ ಯಜಮಾನನದೇ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ, ಬಾಂಡಿಯಾಗರಾದ ಕಡಿದಾದ ಬಂಡೆಸಾಲಿನಲ್ಲಿ ಬಾಳುವ ಡೋಗಾನ್ ಜನರಿಗೂ ಮುಖವಾಡವೆಂದರೆ ಬರಿಯ ವೇಷವಲ್ಲ. ಸತ್ತವರ ‘ಡಾಮಾ’ ವಿಧಿಯಲ್ಲಿ ಅವರು ‘ಕನಗ’ದಂಥ ಮರದ ಮುಖವಾಡ ತೊಟ್ಟು ಕುಣಿದು, ಆತ್ಮವನ್ನು ಊರಿನಿಂದ ಪಿತೃಗಳ ಲೋಕಕ್ಕೆ ಬೀಳ್ಕೊಡುತ್ತಾರೆ. ಅವರದು ಕಳಿಸುವ ಮುಖವಾಡ. ನಮ್ಮದು ಕರೆಸುವ ಮೊಗ, ಕರೆಸಿ ನ್ಯಾಯ ಕೇಳುವ ಮೊಗ.

ಎರಡಕ್ಕೂ ಒದಗಿದ ಗತಿ ಮಾತ್ರ ಒಂದೇ. ಡೋಗಾನ್ ಮುಖವಾಡಗಳು ಯುರೋಪಿನ ಗಾಜಿನ ಪೆಟ್ಟಿಗೆ ಸೇರಿದವು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಆಳೆತ್ತರದ ಮರದ ಭೂತಗಳು ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿ ನಿಂತಿವೆ. ಅಲ್ಲಿ ಕೆತ್ತನೆಯನ್ನು ಕಣ್ತುಂಬ ನೋಡಬಹುದು. ಪಾಡ್ದನವಿಲ್ಲ, ನುಡಿ ಕೇಳುವವರೂ ಇಲ್ಲ. ಘಟ್ಟದ ಮೇಲಿನ ಮೋರೆಯಿಲ್ಲದ ಕಲ್ಲಿಗೆ ಆ ಕಾಟ ತಪ್ಪಿದೆ. ಕೊಂಡೊಯ್ದರೆ ಅದು ಬರೀ ಕಲ್ಲು, ಬನದಲ್ಲಿದ್ದರಷ್ಟೇ ಪಂಜುರ್ಲಿ.