ವಸ್ತುಸಂಗ್ರಹಾಲಯದಲ್ಲಿ ಎಳೆಯರು

ಅರಸರ ಕತ್ತಿ ಕಿರೀಟಗಳನ್ನು ಕಾದಿರಿಸಿದ ವಸ್ತುಸಂಗ್ರಹಾಲಯಗಳು ಹಲವು. ಜನಸಾಮಾನ್ಯರ ಒನಕೆ, ಮೊರ, ಮಡಕೆ, ನೇಗಿಲುಗಳಿಗೂ ಅಂಥದೇ ಗೌರವದ ಸ್ಥಾನವನ್ನು ಕೊಟ್ಟುದು ಮಾನವಶಾಸ್ತ್ರ. ಮನುಷ್ಯನು ಎಲ್ಲೆಲ್ಲಿ ಹೇಗೆ ಬಾಳಿದನು, ಏನನ್ನು ಉಂಡನು, ಏನನ್ನು ಉಟ್ಟನು, ಯಾವುದಕ್ಕೆ ಅಂಜಿ ಯಾವುದನ್ನು ಪೂಜಿಸಿದನು ಎಂಬುದನ್ನು ಅರಿಯಲೆಳಸುವ ಶಾಸ್ತ್ರವಿದು. ಈ ದೃಷ್ಟಿಯಿಂದ ಕೂಡಿಸಿದ ಸಂಗ್ರಹವನ್ನು ನೋಡಿ ಸಂತೋಷಪಡಲು ವಿದ್ವಾಂಸನೇ ಆಗಬೇಕಾಗಿಲ್ಲ. ಐದಾರು ವರ್ಷದ ಮಗುವಿಗೂ ಅದು ಸಾಧ್ಯ. ಆದರೆ ಮಗುವಿನ ಕೈಹಿಡಿದು ಕರೆದೊಯ್ಯುವವರಿಗೆ ತೋರಿಸುವ ಬಗೆ ತಿಳಿದಿರಬೇಕು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ರಾಮನಗರದ ಬಳಿ, ಇಂಥದೊಂದು ತಾಣವಿದೆ. ಅದೇ ಜಾನಪದ ಲೋಕ. ಆಡಳಿತಾಧಿಕಾರಿಯಾಗಿದ್ದು ಜಾನಪದಕ್ಕೆ ಬಾಳನ್ನು ಮುಡಿಪಿಟ್ಟ ಎಚ್. ಎಲ್. ನಾಗೇಗೌಡರು (1915–2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಪರಿಷತ್ತು ಸುಮಾರು 15 ಎಕರೆ ನೆಲದಲ್ಲಿ ಕಟ್ಟಿದ ಜಾನಪದ ಲೋಕವು 1994ರಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಯ ಲೋಕಮಾತಾ ಮಂದಿರದಲ್ಲಿ ಗೃಹಕೃತ್ಯದ ಸಾಮಗ್ರಿಗಳಿವೆ. ಲೋಕಮಹಲಿನಲ್ಲಿ ತೊಗಲುಗೊಂಬೆಗಳೂ ಯಕ್ಷಗಾನದ ವೇಷಭೂಷಣಗಳೂ ಇವೆ. ಚಿತ್ರಕುಟೀರದಲ್ಲಿ ಹಳ್ಳಿಯ ಬದುಕಿನ ಛಾಯಾಚಿತ್ರಗಳಿವೆ.

ಎಳೆಯರು ನೋಡುವ ಬಗೆಯೇ ಬೇರೆ. ಹಿರಿಯರು ಹೆಸರಿನ ಫಲಕವನ್ನು ಮೊದಲು ಓದುತ್ತಾರೆ. ಮಗು ವಸ್ತುವನ್ನು ಮೊದಲು ನೋಡುತ್ತದೆ. ‘ಇದು ಯಾವ ಶತಮಾನದ್ದು?’ ಎಂದು ಅದು ಕೇಳುವುದಿಲ್ಲ. ‘ಇದರಿಂದ ಏನು ಮಾಡುತ್ತಾರೆ?’ ಎಂದು ಕೇಳುತ್ತದೆ. ಮಾನವಶಾಸ್ತ್ರಕ್ಕೂ ಇದು ಬಹು ಮುಖ್ಯವಾದ ಪ್ರಶ್ನೆ. ಆದುದರಿಂದ ಚಿಕ್ಕವರನ್ನು ನೂರು ವಸ್ತುಗಳ ಮುಂದೆ ಓಡಿಸುವುದಕ್ಕಿಂತ ನಾಲ್ಕು ವಸ್ತುಗಳ ಮುಂದೆ ನಿಲ್ಲಿಸುವುದು ಮೇಲು. ಮುಟ್ಟಬಾರದೆಂದು ಗದರಿಸುವುದಕ್ಕಿಂತ, ಕೈಯ ಬೆವರು ಜಿಡ್ಡುಗಳು ತಗಲಿದರೆ ತೊಗಲುಗೊಂಬೆಯ ಬಣ್ಣ ಕೆಡುವುದೆಂದು ತಿಳಿಯಹೇಳಿದರೆ ಮಗು ತಾನಾಗಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಬೀಸುವ ಕಲ್ಲನ್ನೇ ತೆಗೆದುಕೊಳ್ಳಬಹುದು. ಎರಡು ದುಂಡುಕಲ್ಲುಗಳು, ಕೆಳಗಿನದು ಅಲುಗದು, ಮೇಲಿನದು ನಡುವಿನ ಗೂಟದ ಸುತ್ತ ತಿರುಗುವುದು. ಮೇಲ್ಗಲ್ಲಿನ ಬಾಯಿಗೆ ಹಿಡಿ ಹಿಡಿಯಾಗಿ ರಾಗಿಯನ್ನು ಹಾಕಿದರೆ ಅಂಚಿನಿಂದ ಹಿಟ್ಟು ಉದುರುತ್ತದೆ. ಕಲ್ಲು ಸವೆದು ನುಣುಪಾದರೆ ಕಾಳು ನುರಿಯುವುದಿಲ್ಲ. ಆಗ ಉಳಿಯಿಂದ ಅದರ ಮೈಯನ್ನು ಮತ್ತೆ ಒರಟು ಮಾಡಿಸಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದ ಹೆಂಗಸರು ದಣಿವನ್ನು ಮರೆಯಲು ತವರಿನ ನೆನಪನ್ನು ಹಾಡಾಗಿಸಿ ಬೀಸುತ್ತಿದ್ದರು. ಎಷ್ಟೋ ತ್ರಿಪದಿಗಳು ಉಳಿದು ಬಂದುದು ಈ ಕಲ್ಲಿನ ಮುಂದೆಯೇ. ಕಲ್ಲನ್ನು ಮಂದಿರದಲ್ಲಿ ಇಡಬಹುದು; ಹಾಡನ್ನು ಇಡುವುದು ಹೇಗೆ? ನಾಗೇಗೌಡರು ಹಳ್ಳಿಗರ ಹಾಡುಗಳನ್ನು ಧ್ವನಿಮುದ್ರಿಸಿದುದು ಅವು ಹಾಡುವವರೊಡನೆ ಅಳಿಯಬಾರದೆಂದೇ.

ಕೂರಿಗೆಯದೂ ಇದೇ ಮಾತು. ಮೇಲೊಂದು ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ತುದಿಯಲ್ಲಿ ನೆಲವನ್ನು ಸೀಳುವ ಮೊನೆಗಳು. ಬಿತ್ತುವವರು ನಡೆಯುತ್ತಲೇ ಬೀಜವನ್ನು ಬೆರಳ ಸಂದಿನಿಂದ ಹದವಾಗಿ ಬಿಡುತ್ತಾರೆ. ಪೈರು ಸಾಲಾಗಿ ಏಳುವುದರಿಂದಲೇ ಮುಂದೆ ನಡುವೆ ಕುಂಟೆ ಹೊಡೆದು ಕಳೆ ತೆಗೆಯಲು ಸಾಧ್ಯ. ಮರದ ಈ ಸರಳ ಸಾಧನದಲ್ಲಿ ಎಷ್ಟು ಯೋಚನೆ ಅಡಗಿದೆಯೆಂಬುದನ್ನು ಕಂಡ ಮಗು ಹಿಂದಿನವರನ್ನು ದಡ್ಡರೆಂದು ಎಣಿಸಲಾರದು. ಆದರೆ ಬೆರಳಿನ ಆ ಹದವು ಯಾವ ಸಂಗ್ರಹಾಲಯದಲ್ಲಿಯೂ ಕಾಣಸಿಗದು. ಅದು ಬಿತ್ತಿದವರ ಕೈಯಲ್ಲಿದೆ.

ಹಾಗೆಂದು ಹಿಂದಿನದೆಲ್ಲವೂ ಹಿತವಾಗಿತ್ತೆಂದು ಮಕ್ಕಳಿಗೆ ಹೇಳಲಾಗದು. ಬೀಸುವ ಕಲ್ಲಿನ ಮುಂದೆ ಕುಳಿತ ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಬಾಗಿಲನ್ನು ಕಾಣಲಿಲ್ಲ. ಮಡಕೆಯ ನೀರು ಒಂದೇ ಆಗಿದ್ದರೂ ಬಾವಿ ಎಲ್ಲರದಾಗಿರಲಿಲ್ಲ. ಈ ಸತ್ಯವನ್ನೂ ಎಳೆಯರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.

ಅನ್ಯರ ಬದುಕನ್ನು ನೋಡುವಾಗ ಇನ್ನೊಂದು ಎಚ್ಚರವೂ ಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1884ರಲ್ಲಿ ಸ್ಥಾಪಿತವಾದ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯವು, ದಕ್ಷಿಣ ಅಮೆರಿಕದಿಂದ ತಂದಿದ್ದ ಕುಗ್ಗಿಸಿದ ಮನುಷ್ಯರ ತಲೆಗಳನ್ನು ಬಹುಕಾಲ ಪ್ರದರ್ಶಿಸಿತ್ತು. ಅವುಗಳನ್ನು ಕಂಡವರು ಆ ಜನರನ್ನು ಅನಾಗರಿಕರೆಂದು ಭಾವಿಸುತ್ತಿದ್ದುದನ್ನು ಮನಗಂಡು 2020ರಲ್ಲಿ ಅವುಗಳನ್ನು ಪ್ರದರ್ಶನದಿಂದ ತೆಗೆದಿತು. ಮನುಷ್ಯನು ಮನುಷ್ಯನಿಗೆ ವಿಚಿತ್ರ ವಸ್ತುವಾಗಬಾರದು. ಬೇರೆಯವರ ಉಡುಗೆಯನ್ನು ಕಂಡು ನಕ್ಕ ಮಗುವಿಗೆ ‘ಅವರಿಗೆ ನಮ್ಮ ಉಡುಗೆ ಹೇಗೆ ಕಾಣಬಹುದು?’ ಎಂದು ಕೇಳಿದರೆ ಸಾಕು.

ಸಂಗ್ರಹಾಲಯದಿಂದ ಹೊರಬಂದೊಡನೆ ನೋಟ ಮುಗಿಯುವುದಿಲ್ಲ. ಸೇರು, ಪಾವು, ಚಟಾಕುಗಳಿಂದ ಅಳೆದವರು, ಒನಕೆಯಿಂದ ಭತ್ತ ಕುಟ್ಟಿದವರು ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜಿಯಾಗಿ, ತಾತನಾಗಿ ಇದ್ದಾರೆ. ಅವರ ತಲೆಮಾರು ಸಂದರೆ ಈ ವಸ್ತುಗಳ ಹೆಸರನ್ನು ಹೇಳುವವರೂ ವಿರಳರಾಗುವರು. ಚಿಕ್ಕವರು ತಾವು ಕಂಡುದರ ಚಿತ್ರವನ್ನು ಬರೆದು ಅಜ್ಜಿಯ ಮುಂದಿಡಲಿ. ಅಕ್ಷರ ಬಲ್ಲ ಅಕ್ಕನೋ ಅಣ್ಣನೋ ಅವರ ಬಾಯಿಂದ ಬಂದ ಹೆಸರನ್ನೂ ಬಳಸುವ ರೀತಿಯನ್ನೂ ಆ ಚಿತ್ರದ ಕೆಳಗೆ ಬರೆದಿಡಲಿ. ವಸ್ತುವನ್ನು ಸಂಗ್ರಹಾಲಯವು ಕಾಯಬಲ್ಲದು. ಅದರ ಮಾತನ್ನು ಕೇಳಿ ಉಳಿಸಬೇಕಾದವರು ಮನೆಯ ಮಕ್ಕಳೇ.