ರೂಲೆಟ್: ಜೂಜಿನ ಚಕ್ರದ ಕಥೆ

ಹಲಸೂರಿನ ಬೀದಿಗಳಲ್ಲಿ ಜಟಕಾ ಗಾಡಿಗಳು ಓಡಾಡುತ್ತಿದ್ದ ಕಾಲವನ್ನು ನೆನೆಯಿರಿ. ಚಕ್ರದ ಅಂಚಿನಲ್ಲಿರುವ ಒಂದು ಮೊಳೆಯು, ಗಾಡಿ ಮುಂದೆ ಸಾಗಿದಂತೆ, ನೆಲದಿಂದ ಮೇಲೆದ್ದು ಕಮಾನಿನಂತೆ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಮೊಳೆಯ ಈ ಹಾದಿಯನ್ನು ಕುರಿತು ಫ್ರಾನ್ಸಿನ ಗಣಿತಜ್ಞ ಪಾಸ್ಕಲನು 1658ರಲ್ಲಿ ಬರೆದನು. ಆ ವಕ್ರರೇಖೆಗೆ ಆಗ ಫ್ರೆಂಚರಲ್ಲಿದ್ದ ಹೆಸರು ‘ರೂಲೆಟ್’, ಎಂದರೆ ಪುಟ್ಟ ಚಕ್ರ. ಜೂಜಿನ ಚಕ್ರಕ್ಕೂ ಅದೇ ಹೆಸರು. ಪಾಸ್ಕಲನೇ ಈ ಆಟವನ್ನು ಕಂಡುಹಿಡಿದನೆಂಬ ಕಥೆ ಹುಟ್ಟಲು ಇದೇ ಕಾರಣವಾಗಿದ್ದೀತು. ಕಥೆಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ.

‘ರೋಲಿ-ಪೋಲಿ’ ಎಂಬ ಇಂತಹುದೇ ಆಟವನ್ನು ಇಂಗ್ಲೆಂಡಿನ ಪಾರ್ಲಿಮೆಂಟು 1745ರಲ್ಲಿ ನಿಷೇಧಿಸಿತು. 1796ರ ವೇಳೆಗೆ ಪ್ಯಾರಿಸಿನಲ್ಲಿ 36 ಅಂಕಿಗಳೂ ಎರಡು ಸೊನ್ನೆಗಳೂ ಇದ್ದ ಚಕ್ರ ತಿರುಗುತ್ತಿತ್ತು. ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿದುದು 1809ರಲ್ಲಿ. ಆಟ ಅದಕ್ಕಿಂತ ಹಳೆಯದು. 1837ರ ಕೊನೆಗೆ ಪ್ಯಾರಿಸಿನ ಜೂಜುಕಟ್ಟೆಗಳು ಮುಚ್ಚಿದವು. ಬ್ಲಾಂಕ್ ಸಹೋದರರು 1843ರಲ್ಲಿ ಜರ್ಮನಿಯ ಹೋಂಬುರ್ಗಿನಲ್ಲಿ ಒಂದು ಸೊನ್ನೆಯನ್ನು ತೆಗೆದುಹಾಕಿ ಗಿರಾಕಿಗಳನ್ನು ಸೆಳೆದರು. 1863ರಲ್ಲಿ ಅವರಲ್ಲೊಬ್ಬನಾದ ಫ್ರಾಂಸ್ವಾ ಮಾಂಟೆ ಕಾರ್ಲೊದ ಜೂಜುಕಟ್ಟೆಯನ್ನು ವಹಿಸಿಕೊಂಡನು.

ಉಳಿದ ಆ ಒಂದು ಸೊನ್ನೆಯಲ್ಲಿಯೇ ಮರ್ಮವಿದೆ. ಚಕ್ರದಲ್ಲಿ ಈಗ 37 ಮನೆಗಳು. ಪ್ರತಿಯೊಂದರ ಮೇಲೂ ಒಂದೊಂದು ರೂಪಾಯಿಯನ್ನಿಡಿರಿ. ಗುಂಡು ಯಾವ ಮನೆಯಲ್ಲಿ ನಿಂತರೂ ನೀವು ಗೆದ್ದಂತೆಯೇ! ಆದರೆ ಕೈಗೆ ಬರುವುದು ಪಣದ ರೂಪಾಯಿಯೂ ಸೇರಿ 36, ಹೂಡಿದ್ದು 37. ಹೇಗೆ ಆಡಿದರೂ ಸರಾಸರಿಯಲ್ಲಿ ನೂರಕ್ಕೆ 2.7ರಷ್ಟು ನಷ್ಟ. ಅಮೆರಿಕದಲ್ಲಿ ಎರಡು ಸೊನ್ನೆಗಳೂ ಉಳಿದುದರಿಂದ ಅಲ್ಲಿ ಅದು 5.26. ಇಂತಹ ಲೆಕ್ಕದ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು, 1654ರ ತಮ್ಮ ಪತ್ರಗಳಲ್ಲಿ, ಫರ್ಮಾ ಮತ್ತು ಇದೇ ಪಾಸ್ಕಲ್.

ಆಟಗಾರನು ಈ ಲೆಕ್ಕವನ್ನೊಪ್ಪದೆ ಚಕ್ರಕ್ಕೆ ನೆನಪಿದೆಯೆಂದು ನಂಬುತ್ತಾನೆ. 1913ರಲ್ಲಿ ಮಾಂಟೆ ಕಾರ್ಲೊದಲ್ಲಿ ಕಪ್ಪು ಬಣ್ಣವೇ ಸತತವಾಗಿ 26 ಸಲ ಬಂದಿತು. ‘ಇನ್ನು ಕೆಂಪು ಬರಲೇಬೇಕು’ ಎಂದು ಜನರು ಕೆಂಪಿನ ಮೇಲೆ ಹಣ ಸುರಿದು ಕಳೆದುಕೊಂಡರು. ಹಿಂದಿನ ಫಲಗಳು ಏನೇ ಇರಲಿ, ಪ್ರತಿ ಸುತ್ತಿನಲ್ಲಿಯೂ ಕೆಂಪಿಗಿರುವ ಅವಕಾಶ 37ರಲ್ಲಿ 18 ಮಾತ್ರ.

ದಂಡಿನ ಪ್ರದೇಶವೂ ಸೇರಿ ನಮ್ಮ ರಾಜ್ಯಕ್ಕೆ ಅನ್ವಯಿಸುವ 1963ರ ಪೊಲೀಸ್ ಕಾಯಿದೆಯು ಶುದ್ಧ ಕುಶಲತೆಯ ಆಟಗಳಿಗೆ ವಿನಾಯಿತಿ ಕೊಡುತ್ತದೆ. ಕುದುರೆ ಪಂದ್ಯದಲ್ಲಿ ಕುಶಲತೆಯೇ ಪ್ರಧಾನವೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ರೂಲೆಟ್ಟಿಗೆ ಆ ಆಸರೆಯಿಲ್ಲ. ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾನೂನು 2025ರಲ್ಲಿ ಬಂದಿತು. ಮೊಬೈಲಿನ ರೂಲೆಟ್ಟಿನಲ್ಲಿ ತಿರುಗುವುದು ಚಕ್ರದ ಚಿತ್ರವಷ್ಟೆ. ಅಂಕಿಯನ್ನು ಆರಿಸುವುದು ಕಂಪ್ಯೂಟರು. ಸೊನ್ನೆ ಮಾತ್ರ ಅಲ್ಲಿಯೂ ತಪ್ಪಿಲ್ಲ.