ಮರಿಗಳ ನಿರೀಕ್ಷೆಯಲ್ಲಿ

ಆದಿಪರ್ವದ ವಿನತೆಯ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ. ಕಾಲವು ಕೂಡಿಬರುವ ಮುನ್ನ ಅವಳು ಒಂದು ಮೊಟ್ಟೆಯನ್ನೊಡೆಯಲು, ತೊಡೆಗಳು ಬಲಿಯದ ಅರುಣನು ಜನಿಸಿದನು. ಕಾದಿಟ್ಟ ಮತ್ತೊಂದರಿಂದ ಗರುಡನು ಬಂದನು. ಬಹುಕಾಲ ಈ ಕಥೆಯನ್ನು ಬೋಧಿಸಿದ ನಾವು ಅದರ ಅರ್ಥವನ್ನರಿತುದು ಈಚೆಗೆ, ಕೊಂಡಜ್ಜಿಯ ನಮ್ಮ ಮನೆಯ ಪಡಸಾಲೆಯಲ್ಲಿ.

ನಮ್ಮ ಮೊಮ್ಮಗನು ದಾವಣಗೆರೆಯಿಂದ ವಿದ್ಯುತ್ತಿನ ಕಾವುಪೆಟ್ಟಿಗೆಯೊಂದನ್ನು ತಂದು ಹನ್ನೆರಡು ಕೋಳಿಮೊಟ್ಟೆಗಳನ್ನಿಟ್ಟನು. ಈ ವಿದ್ಯೆಯು ಹೊಸದಲ್ಲ. ಪ್ರಾಚೀನ ಈಜಿಪ್ಟಿನವರು ಒಲೆಮನೆಗಳ ಶಾಖದಲ್ಲಿ ಮರಿಮಾಡಿಸುತ್ತಿದ್ದರು. ಮರಿಯಾಗಲು ೨೧ ದಿನಗಳು ಬೇಕು. ಶಾಖವು ಸುಮಾರು ೩೭.೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಬೇಕು; ನೀರಿಟ್ಟು ತೇವವನ್ನು ಕಾಪಾಡಬೇಕು; ಭ್ರೂಣವು ಪೊರೆಗೆ ಅಂಟದಂತೆ ದಿನಕ್ಕೆ ಮೂರು ಬಾರಿಯಾದರೂ ಮೊಟ್ಟೆಗಳನ್ನು ಹೊರಳಿಸಬೇಕು. ಹೇಂಟೆಯಾದರೋ ಇದೆಲ್ಲವನ್ನೂ ಯಾರೂ ಕಲಿಸದೆಯೇ ನಡೆಸುತ್ತದೆ.

ಏಳನೆಯ ರಾತ್ರಿ ದೀಪಕ್ಕೆ ಹಿಡಿದು ನೋಡಲು, ಒಂಬತ್ತರಲ್ಲಿ ಜೇಡರಬಲೆಯಂತೆ ರಕ್ತನಾಳಗಳು ಕಂಡವು; ಮೂರು ಬರಿದಾಗಿದ್ದುವು. ೧೮ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವವನ್ನು ಹೆಚ್ಚಿಸಿದೆವು. ಆ ಸಂಜೆಯೇ ವಿದ್ಯುತ್ತು ಹೋಯಿತು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಪೆಟ್ಟಿಗೆಗೆ ಕಂಬಳಿ ಹೊದಿಸಿ ಎರಡು ಗಂಟೆಯ ಕಾಲ ಕಾವಲಿದ್ದೆವು.

೨೦ನೆಯ ರಾತ್ರಿ ಚಿಪ್ಪಿನೊಳಗಿಂದ ಸಣ್ಣ ದನಿ ಕೇಳಿತು. ಮರಿಯು ಮೊದಲು ದಪ್ಪ ತುದಿಯ ಗಾಳಿಯ ಕೋಶವನ್ನು ಭೇದಿಸಿ ಉಸಿರಾಡಿ, ಬಳಿಕ ಕೊಕ್ಕಿನ ಮೇಲಿನ ಸಣ್ಣ ಮೊನೆಯಿಂದ ಚಿಪ್ಪನ್ನು ಕುಕ್ಕುತ್ತದೆ. ಒಂದು ಮರಿಯು ಕಿಂಡಿ ಮಾಡಿ ಏಳು ಗಂಟೆಯ ಕಾಲ ಸುಮ್ಮನಾಯಿತು. “ಅಜ್ಜಾ, ಅದಕ್ಕೆ ತ್ರಾಣ ಇಲ್ಲ, ನಾವೇ ಬಿಡಿಸೋಣ” ಎಂದನು ಮೊಮ್ಮಗ. ವಿನತೆಯ ಕಥೆಯನ್ನು ಬಲ್ಲ ನಾವೇ ಚಿಪ್ಪನ್ನು ಸುಲಿದೆವು. ರಕ್ತವು ಜಿನುಗಿತು, ಬೆಳಗಾಗುವುದರೊಳಗೆ ಮರಿಯು ಸತ್ತಿತು. ಆ ವಿರಾಮದಲ್ಲಿ ಅದು ಪೊರೆಯ ರಕ್ತವನ್ನೂ ಹಳದಿಯ ಶೇಷವನ್ನೂ ಒಡಲೊಳಕ್ಕೆ ಎಳೆದುಕೊಳ್ಳುತ್ತಿತ್ತೆಂದು ಆಮೇಲೆ ತಿಳಿದೆವು. ನಾವು ಆಯಾಸವೆಂದು ಬಗೆದುದು ಅದರ ಕಡೆಯ ಕೆಲಸವಾಗಿತ್ತು.

ಉಳಿದವನ್ನು ಮುಟ್ಟಲಿಲ್ಲ. ಎರಡು ಒಡೆಯಲೇ ಇಲ್ಲ. ಆರು ಮರಿಗಳು ತಾವಾಗಿಯೇ ಹೊರಬಂದವು. ಒಡಲಿನ ಹಳದಿಯು ಒಂದೆರಡು ದಿನ ಅವುಗಳನ್ನು ಪೋಷಿಸುವುದರಿಂದ, ಮೈ ಒಣಗುವವರೆಗೆ ಗೃಹಸ್ಥರು ಮುಚ್ಚಳವನ್ನು ತೆರೆಯಲಾಗದು.

ಸಂಸ್ಕೃತದಲ್ಲಿ ಹಕ್ಕಿಗೆ ದ್ವಿಜವೆಂದು ಹೆಸರು. ಅದರ ಎರಡನೆಯ ಜನ್ಮವನ್ನು ಅದೇ ಸಂಪಾದಿಸಬೇಕು. ಪಾಠಶಾಲೆಯಲ್ಲಿ ಉತ್ತರಕ್ಕಾಗಿ ತಡವರಿಸುತ್ತಿದ್ದ ಬಾಲಕರಿಗೆ ನಾವೇ ಅವಸರದಿಂದ ಉತ್ತರವನ್ನು ಹೇಳಿಬಿಟ್ಟ ದಿನಗಳು ಈಗ ನೆನಪಾಗುತ್ತಿವೆ.